ಅವ್ವ ಬೆಲ್ಲ ಕೊಟ್ಟ ಆನೆ

ನಮ್ಮ ಅವ್ವನ ಪಾಲಿಗೆ ಆನೆ ಎಂದರೆ ಮಠದ ಆನೆ. ಬೇರೆ ಆನೆಗಳೂ ಇರುತ್ತವೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಆದರೆ ನಂಬಿಕೆ ಇರಲಿಲ್ಲ. ಅವಳು ಹುಟ್ಟಿದ್ದು ರಾಮದುರ್ಗದ ಕಡೆಯ ಸಾಲಹಳ್ಳಿಯಲ್ಲಿ, ಕೊಟ್ಟಿದ್ದು ಸವದತ್ತಿ ತಾಲೂಕಿನ ಹೂಲಿಗೆ. ಎರಡೂ ಕಡೆ ಎರೆಹೊಲ, ಜೋಳ, ಕಡಲೆ. ಅಡವಿ ಎಂದರೆ ಹಳ್ಳದ ದಂಡೆಯ ಜಾಲಿಕಂಟಿ, ದೊಡ್ಡ ಪ್ರಾಣಿ ಎಂದರೆ ಎಮ್ಮೆ. ಇಂಥ ಬಯಲುಸೀಮೆಯ ಓಣಿಗೆ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದು ಮನೆಯಲ್ಲಿ ಕಾಳು ತುಂಬಿದ ಹೊತ್ತಿಗೆ, ಮಠದ ಆನೆ ಗಂಟೆ ಬಾರಿಸುತ್ತ ಬರುತ್ತಿತ್ತು.

ಅದು ಬರುವ ದಿನ ಅವ್ವ ನಸುಕಿನಲ್ಲೇ ಎದ್ದು ಬಾಗಿಲ ಮುಂದೆ ಸೆಗಣಿ ಸಾರಿಸಿ, ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿ ಕಾಯುತ್ತಿದ್ದಳು. ಆನೆ ಬಂದು ನಿಂತ ಕೂಡಲೇ ಅದರ ಮುಂಗಾಲಿಗೆ ಕೊಡ ನೀರು ಸುರಿಯುವುದು, ಕುಂಕುಮ ಏರಿಸುವುದು, ಆಮೇಲೆ ಮೊರದ ತುಂಬ ಜೋಳ, ಅದರ ಮೇಲೊಂದು ಬೆಲ್ಲದ ಪೆಂಟೆ. ಅಂಜಿಕೆ ಹೋಗಲಿ ಎಂದು ಮಕ್ಕಳನ್ನು ಅದರ ಹೊಟ್ಟೆಯ ಕೆಳಗೆ ಹಾಯಿಸುತ್ತಿದ್ದರು. ನನ್ನನ್ನೂ ಹಾಯಿಸಿದ್ದಾರೆ. ಅಂಜಿಕೆ ಹೋಗಲಿಲ್ಲ, ಅಂಗಿಗೆ ಅಂಟಿದ ಲದ್ದಿಯ ವಾಸನೆ ಮಾತ್ರ ಸಂಜೆಯ ತನಕ ಇತ್ತು.

"ಬಾಗಿಲಿಗೆ ಬಂದ ಆನಿ ಹಸಕೊಂಡು ಹೋತಂದ್ರ ಆ ಮನಿ ಉದ್ಧಾರ ಆಗಂಗಿಲ್ಲ" ಎನ್ನುತ್ತಿದ್ದಳು ಅವ್ವ. ಅವಳಿಗೆ ಇದು ಕಲಿತ ಮಾತಲ್ಲ, ಹಾಲಿನ ಜೊತೆ ಕುಡಿದದ್ದು. ರಾಮದುರ್ಗ, ಸವದತ್ತಿ, ಬೈಲಹೊಂಗಲದ ಪೇಟೆಗಳನ್ನು ದಾಟಿ ಕಾದ ಡಾಂಬರಿನ ಮೇಲೆ ನಡೆದು ಬಂದ ಆ ಆನೆಯ ಪಾದ ಹೇಗಿದೆ, ಸರಪಳಿ ತಿಕ್ಕಿದ ಜಾಗ ಹುಣ್ಣಾಗಿದೆಯೋ ಎಂದು ಬಗ್ಗಿ ನೋಡಿದವರನ್ನು ನಾನು ಕಾಣೆ. ಅದರ ಕಣ್ಣಿಂದ ನೀರು ಇಳಿದರೆ "ಭಕ್ತಿಗೆ ಕರಗೇತಿ ನೋಡು" ಎಂದು ಕೈಮುಗಿಯುತ್ತಿದ್ದರು. ನಮ್ಮ ಕಡೆಯವರ ಪ್ರೀತಿಯೇ ಅಂಥದ್ದು. ತಿನ್ನಿಸಿದರೆ ಮುಗಿಯಿತು, ಆಮೇಲೆ ಏನನ್ನೂ ಕೇಳುವುದಿಲ್ಲ.

ನನ್ನನ್ನು ಕೊಟ್ಟದ್ದು ಕಿತ್ತೂರಿನ ಆಚೆಗೆ, ದೇಗಾಂವ ದಾಟಿ ಹೋದರೆ ಸಿಗುವ ಒಂದು ಸಣ್ಣ ಊರಿಗೆ. ಒಂದೇ ಜಿಲ್ಲೆಯಾದರೂ ಲೋಕವೇ ಬೇರೆ. ಕೆಂಪು ಮಣ್ಣು, ಭತ್ತದ ಗದ್ದೆ, ಕಬ್ಬು, ಪಶ್ಚಿಮಕ್ಕೆ ಮುಖ ಮಾಡಿದರೆ ಅಡವಿ. ಭತ್ತ ಹಾಲುಗಾಳಾಗುವ ಹೊತ್ತಿಗೆ ಅಡವಿಯ ಕಡೆಯಿಂದ ಆನೆಗಳು ಬರುತ್ತವೆ. ಈ ಊರಿನವರಿಗೂ ಆನೆ ಗಣಪ್ಪನೇ. ಆದರೆ ಗಣಪ್ಪನಿಗೆ ಕೈಮುಗಿದು ಅದೇ ಕೈಯಿಂದ ಪಟಾಕಿಗೆ ಬೆಂಕಿ ಹಚ್ಚುತ್ತಿದ್ದರು. ಹೊಸದಾಗಿ ಬಂದಾಗ ನನಗೆ ಇದು ಕಪಟವೆನಿಸಿತ್ತು. ವರ್ಷಗಳು ಕಳೆದ ಮೇಲೆ, ಅದಕ್ಕಿಂತ ಪ್ರಾಮಾಣಿಕವಾದ ಸಂಬಂಧ ಮನುಷ್ಯರಿಗೂ ಆನೆಗೂ ನಡುವೆ ಸಾಧ್ಯವಿಲ್ಲವೆಂದು ಅರ್ಥವಾಯಿತು. ನೀನು ನಿನ್ನ ದಾರಿ, ನಾನು ನನ್ನ ದಾರಿ, ನಡುವೆ ಒಂದಿಷ್ಟು ಸದ್ದು.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಮನೆಗೆ ಬಂದಳು. ಅವಳಿಗೆ ಇರುವವಳು ನಾನೊಬ್ಬಳೇ. ಮಗಳ ಮನೆಯ ಅನ್ನ ಉಣ್ಣಬಾರದೆಂಬ ಹಟವೂ ಇತ್ತು, ಉಣ್ಣದೆ ಗತಿಯೂ ಇರಲಿಲ್ಲ. ಅದಕ್ಕೇ ಉಂಡದ್ದಕ್ಕಿಂತ ಎರಡು ಪಟ್ಟು ದುಡಿಯುತ್ತಿದ್ದಳು. ಅಂಗಳ ಗುಡಿಸುವುದು, ಎಮ್ಮೆಯ ಕೊಟ್ಟಿಗೆ, ನೀರೊಲೆ ಎಲ್ಲವೂ ಅವಳದೇ. ನನ್ನ ಗಂಡ "ಅತ್ತಿ, ಒಂದ್ ಗಳಿಗಿ ಕುಂದರ್ರಿ" ಎಂದರೆ "ಕುಂತ್ರ ಕಾಲು ಹಿಡೀತಾವಪಾ" ಎಂದು ಎದ್ದುಬಿಡುತ್ತಿದ್ದಳು. ನಮ್ಮ ಮನೆಗೆ ಒಂದೇ ಗೋಡೆ ನಡುವೆ ಇರಿಸಿಕೊಂಡು ಭಾವನವರ ಮನೆ, ಅಂದರೆ ನನ್ನ ಗಂಡನ ಅಣ್ಣನದು. ಹಿತ್ತಲು ದಾಟಿದರೆ ನಮ್ಮ ಗದ್ದೆ, ಗದ್ದೆಗೆ ಹತ್ತಿ ಭಾವನವರ ಕಬ್ಬು.

ಎರಡು ವರ್ಷದ ಹಿಂದೆ ಬಂದ ಹಿಂಡು ಹೊರಳಿ ಹೋದರೂ ಒಂದು ಗಂಡಾನೆ ಮಾತ್ರ ಉಳಿದುಕೊಂಡಿತು. ಇನ್ನೂ ಹರೆಯದ್ದು, ದಂತ ಮೊಳದುದ್ದ ಇರಲಿಲ್ಲ. ಬಲಗಿವಿಯ ಅಂಚು ಹರಿದಿತ್ತು. ಒಂದು ಮುಂಜಾನೆ ಅವ್ವ ಹಿತ್ತಲ ಬಾಗಿಲು ತೆರೆದಾಗ ಅದು ಹುಲ್ಲಿನ ಬಣವೆಯ ಆಚೆ ನಿಂತಿತ್ತಂತೆ. ಬೇರೆ ಯಾರಾದರೂ ಆಗಿದ್ದರೆ ಚೀರಿಕೊಂಡು ಒಳಗೆ ಓಡುತ್ತಿದ್ದರು. ಅವ್ವ ಸುಮ್ಮನೆ ಒಳಗೆ ಬಂದಳು, ಮುಖ ತೊಳೆದಳು, ವಿಭೂತಿ ಹಚ್ಚಿಕೊಂಡಳು, ಮೊರ ತೆಗೆದುಕೊಂಡು ಅದರಲ್ಲಿ ಹಿಂದಿನ ದಿನದ ರೊಟ್ಟಿ, ಒಂದು ದೊಡ್ಡ ಬೆಲ್ಲದ ಪೆಂಟೆ ಇಟ್ಟು, ಇನ್ನೊಂದು ಕೈಗೆ ತಂಬಿಗೆ ನೀರು ತೆಗೆದುಕೊಂಡಳು. ನಾನು ಚಹಾ ಸೋಸುತ್ತಿದ್ದೆ. ಎಮ್ಮೆಗೆ ಕೊಡಲು ಹೊರಟಿದ್ದಾಳೆ ಎಂದುಕೊಂಡೆ. ಎಮ್ಮೆಗೆ ವಿಭೂತಿ ಯಾಕೆ ಎಂದು ಹೊಳೆದು ಹೊರಗೆ ಓಡಿ ಬರುವಷ್ಟರಲ್ಲಿ ಅವಳು ಬದುವಿನ ಮೇಲೆ ಇದ್ದಳು.

"ಅವ್ವಾ, ಹಿಂದಕ್ಕ ಬಾ ಬೇ! ಅದು ಕಾಡಾನಿ!" ಎಂದು ಕೂಗಿದೆ.

ಅವಳು ತಿರುಗಿಯೂ ನೋಡಲಿಲ್ಲ. "ಕಾಡಾನಿ ಆದ್ರೇನು, ಅದಕ್ಕ ಹೊಟ್ಟಿ ಇಲ್ಲೇನು? ಬಾಗಿಲಿಗೆ ಬಂದೇತಿ."

ಮೊರವನ್ನು ಬದುವಿನ ಮೇಲಿಟ್ಟು, ಆನೆಯ ಕಾಲು ಕೈಗೆ ನಿಲುಕದಷ್ಟು ದೂರವಿದ್ದುದರಿಂದ ತಂಬಿಗೆಯ ನೀರನ್ನು ನೆಲಕ್ಕೇ ಸುರಿದು, ಕೈಮುಗಿದು ಹಿಂದಕ್ಕೆ ಹೆಜ್ಜೆ ಇಟ್ಟುಕೊಂಡೇ ಬಂದಳು. ಆನೆ ಕಿವಿ ಅಗಲಿಸಿ ನಿಂತಿತ್ತು. ಬಹಳ ಹೊತ್ತಿನ ಮೇಲೆ ಅದು ಸೊಂಡಿಲು ಚಾಚಿ ಬೆಲ್ಲವನ್ನು ಮೂಸಿತು, ಮತ್ತೆ ಮೂಸಿತು, ಆಮೇಲೆ ಬಾಯಿಗೆ ಇಟ್ಟುಕೊಂಡಿತು. ಅವ್ವನ ಮುಖದಲ್ಲಿ ಅಂದು ಕಂಡ ಸಂತೋಷವನ್ನು ಅಪ್ಪ ಹೋದ ಮೇಲೆ ನಾನು ಮೊದಲ ಸಲ ಕಂಡಿದ್ದೆ. ಅದಕ್ಕೇ ಬೈಯಬೇಕೆಂದಿದ್ದವಳು ಬೈಯಲಾರದೆ ಹೋದೆ.

ಮರುದಿನ ಆನೆ ಅದೇ ಹೊತ್ತಿಗೆ ಬಂತು. ಅದರ ಮರುದಿನವೂ ಬಂತು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಾರಲ್ಲ, ಅವ್ವ ಕೊಡುತ್ತಿದ್ದ ಎರಡು ರೊಟ್ಟಿ, ಒಂದು ಪೆಂಟೆ ಬೆಲ್ಲ ಅದರ ಹಲ್ಲಿನ ಸಂದಿಗೂ ಸಾಲುತ್ತಿರಲಿಲ್ಲ. ಆದರೂ ಬರುತ್ತಿತ್ತು. ಗದ್ದೆಯಲ್ಲಿ ಬೇಕಾದಷ್ಟು ಭತ್ತ ಮೇದು, ಕೊನೆಗೆ ಬೆಲ್ಲಕ್ಕೆಂದು ಬಂದು ಬಣವೆಯ ಹತ್ತಿರ ನಿಲ್ಲುತ್ತಿತ್ತು. ಅವ್ವ ಅದರೊಡನೆ ಮಾತಾಡುತ್ತಿದ್ದಳು. "ಬಾ ನನ್ನಪ್ಪಾ. ಎಲ್ಲಿ ಮಲಗಿದ್ದಿ? ನಿಮ್ಮವ್ವ ಎಲ್ಲಿ ಹ್ವಾದ್ಲು?" ನನಗೆ ಆಗ ಇದ್ದದ್ದು ಒಂದೇ ಭಯ. ಈ ಆನೆ ಒಂದು ದಿನ ನಮ್ಮ ಅವ್ವನನ್ನು ಕೊಲ್ಲುತ್ತದೆ. ಹೆದರಿದ್ದು ತಪ್ಪಾಗಿರಲಿಲ್ಲ, ಹೆದರಿದ ದಿಕ್ಕು ತಪ್ಪಾಗಿತ್ತು.

ಸುದ್ದಿ ಮುಟ್ಟಿ ಅರಣ್ಯ ಇಲಾಖೆಯ ಗಾರ್ಡ್ ಬಂದ. ಹತ್ತೂರು ನೋಡಿಕೊಳ್ಳುವ ಒಂಟಿ ಮನುಷ್ಯ, ಬೈಕಿನ ಮೇಲೆ ಸೊರಗಿ ಹೋಗಿದ್ದ. ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ತಿಳಿಸಿ ಹೇಳಿದ.

"ಆಯಿ, ಅದು ಮಠದ್ದಲ್ರಿ. ಅದಕ್ಕ ನೀವು ಬೆಲ್ಲ ಕೊಡಬ್ಯಾಡ್ರಿ. ಮನಶ್ಯಾರಿಗೆ ಅಂಜಿದ್ರಷ್ಟ ಅದು ಬದಕತೇತಿ. ಹಿಂಡು ಹೊಳ್ಳಿ ಹೋಗೇತಿ, ಇದೊಂದು ಹೋಗವಲ್ದು. ಯಾಕ ಹೋಗವಲ್ದು ಅಂತ ನೀವ ವಿಚಾರ ಮಾಡ್ರಿ."

"ಅಂಜಿ ಬದಕೂದು ಒಂದ್ ಬದುಕೇನಪಾ?" ಎಂದಳು ಅವ್ವ. ಅವನಿಗೂ ಒಂದು ರೊಟ್ಟಿ, ಪಲ್ಯ, ಚಟ್ನಿ ತಂದಿಟ್ಟಳು. ಅವನು ಪಾಪ ಹಸಿದಿದ್ದ, ತಿಂದ, ಕೈತೊಳೆದು ಹೋದ.

ನಾನು ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಅವ್ವ ತನ್ನ ಪಾಲಿನ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನಾನು ಜಗಳ ತೆಗೆದೆ. "ನಿನ್ನ ಮನೀ ಬೆಲ್ಲ ನೀ ಇಟಗೋ. ನಾ ಉಣ್ಣೂದು ಅದಕ್ಕ ಹಾಕತೇನಿ. ಅದಕ್ಕೂ ನಿನ್ನ ಅಪ್ಪಣಿ ಬೇಕೇನು?" ಎಂದಳು. ಹೀಗೆ ಮಾತಾಡಿದರೆ ಮಗಳಾದವಳು ಏನು ಮಾಡಬೇಕು? ಸಂಜೆ ನಾನೇ ಅಟ್ಟ ಹತ್ತಿ ಡಬ್ಬಿ ಇಳಿಸಿದೆ.

ಊರ ಹೆಂಗಸರು ಮೊದಮೊದಲು ತಮ್ಮ ತಮ್ಮ ಹಿತ್ತಲಿನಿಂದ ನೋಡುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಬಾಳೆಹಣ್ಣು ಹಿಡಿದು ಬಂದರು. ಒಂದು ದಿನ ಆನೆ ಅವ್ವನ ಕೈಯಿಂದಲೇ ಬೆಲ್ಲ ತೆಗೆದುಕೊಂಡಿತು. ಬದುವಿನ ಈಚೆ ಅವಳು, ಆಚೆ ಅದು. ಅದನ್ನು ಭಾವನವರು ಮೊಬೈಲಿನಲ್ಲಿ ಹಿಡಿದು ತಮ್ಮ ಸ್ಟೇಟಸ್ಸಿಗೆ ಹಾಕಿಕೊಂಡರು. ಅಷ್ಟೇ ಸಾಕಾಯಿತು. ಬೈಲಹೊಂಗಲದಿಂದ ಬೈಕುಗಳು ಬಂದವು, ಆಮೇಲೆ ಟೆಂಪೊ ಮಾಡಿಕೊಂಡು ಮನೆಮಂದಿಯೆಲ್ಲ ಬಂದರು. ದೇಗಾಂವದ ಕಮಲನಾರಾಯಣನ ಗುಡಿ ನೋಡಲು ಬಂದವರು ಹಾಗೆಯೇ ಇಲ್ಲಿಗೂ ಬಂದು ಹೋಗುತ್ತಿದ್ದರು. ಒಬ್ಬರು ಪೇಢೆಯ ಡಬ್ಬಿ ತಂದರು, ಇನ್ನೊಬ್ಬರು ಕಾಯಿ, ಕರ್ಪೂರ. ಹೊಸದಾಗಿ ಮದುವೆ ನಿಶ್ಚಯವಾದ ಜೋಡಿಯೊಂದು ಆನೆಯ ಮುಂದೆ ಬೆನ್ನು ತಿರುಗಿಸಿ ನಿಂತು ಫೋಟೋ ತೆಗೆಸಿಕೊಂಡಿತು. ಹಣ್ಣಿನ ಜೊತೆ ಪ್ಲಾಸ್ಟಿಕ್ ಚೀಲವನ್ನೂ ಎಸೆಯುತ್ತಿದ್ದರು, ಅದೂ ಹೊಟ್ಟೆಗೆ ಹೋಗುತ್ತಿತ್ತು. ಭಾವನವರು ತಮ್ಮ ಕಣದಲ್ಲಿ ಗಾಡಿ ನಿಲ್ಲಿಸಲು ಜಾಗ ಮಾಡಿಕೊಟ್ಟು, "ನಮ್ಮ ಮನೆತನದ ಪುಣ್ಯಾ ನೋಡ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಅವ್ವನಿಗೆ ಹಿಗ್ಗೋ ಹಿಗ್ಗು. ಸುಳ್ಳು ಯಾಕೆ ಹೇಳಲಿ, ನನಗೂ ಒಂದಿಷ್ಟು ಹಿಗ್ಗಿತ್ತು. ಮಗಳ ಮನೆಯಲ್ಲಿ ಬಿದ್ದಿರುವ ಮುದುಕಿ ಎಂದು ಆಡಿಕೊಂಡಿದ್ದ ಓಣಿ ಈಗ ಅವಳ ಕಾಲಿಗೆ ಬೀಳುತ್ತಿತ್ತು.

ಗದ್ದೆ ಕೊಯ್ಲಾದ ಮೇಲೆ ಲೆಕ್ಕ ತಪ್ಪಿತು. ಹೊಲದಲ್ಲಿ ಭತ್ತವಿಲ್ಲ, ಕಬ್ಬು ಬಲಿತಿದೆ, ಮನೆಗಳಲ್ಲಿ ಬೆಲ್ಲ, ಅಕ್ಕಿ. ಮುಂಜಾನೆ ಜನ ಬರುವುದು ತಡವಾದರೆ ಆನೆ ತಾನೇ ಬಾಗಿಲು ಹುಡುಕತೊಡಗಿತು. ಕೇಳುವುದನ್ನು ಕಲಿಸಿದವರು ನಾವು, ಕಸಿಯುವುದನ್ನು ಅದು ತಾನಾಗಿ ಕಲಿಯಿತು. ಒಂದು ಮುಂಜಾವಿನಲ್ಲಿ ಭಾವನವರ ಹಿಂದಿನ ಕೋಣೆಯ ಗೋಡೆಯನ್ನು ಹಣೆಯಿಂದ ನೂಕಿ ಕೆಡವಿ, ಅಲ್ಲಿದ್ದ ಬೆಲ್ಲದ ಕೊಡವನ್ನು ಎಳೆದುಕೊಂಡಿತು. ಪಕ್ಕದ ಕೋಣೆಯಲ್ಲಿ ಭಾವನವರ ಸೊಸೆ, ಅವಳ ಕೂಸು ಮಲಗಿದ್ದರು. ಕೂಸನ್ನು ಎತ್ತಿಕೊಂಡು ಅವಳು ನಮ್ಮ ಮನೆಗೆ ಓಡಿ ಬಂದಾಗ ಕೂಸಿನ ತಲೆಯ ತುಂಬ ಮಣ್ಣಿತ್ತು. ಕೂಸಿಗೆ ಏನೂ ಆಗಿರಲಿಲ್ಲ. ಆದರೆ ಅವಳು ಮಧ್ಯಾಹ್ನದ ತನಕ ಅದನ್ನು ಮಡಿಲಿನಿಂದ ಇಳಿಸಲಿಲ್ಲ.

ಭಾವನವರ ಸಿಟ್ಟು ತಪ್ಪೆಂದು ನಾನು ಎಂದೂ ಹೇಳುವುದಿಲ್ಲ. ಕೂಸಿನ ಮಣ್ಣು ಕೊಡವಿದ ಕೈ ನನ್ನದೇ.

ಇಲಾಖೆಯವರು ಬಂದು ಪಟಾಕಿ ಹಾರಿಸಿ ಅದನ್ನು ಅಡವಿಯ ಕಡೆಗೆ ಅಟ್ಟಿದರು. ಸಂಜೆಗೆ ಹೋಯಿತು, ಮುಂಜಾನೆ ಬಣವೆಯ ಹತ್ತಿರ ನಿಂತಿತ್ತು. ಮತ್ತೊಮ್ಮೆ ಅಟ್ಟಿದರು, ಮತ್ತೆ ಬಂತು. ಪಳಗಿದ ಆನೆಗಳನ್ನು ದೂರದ ಶಿಬಿರದಿಂದ ತರಿಸಿ ಇದನ್ನು ಹಿಡಿದು ಸಾಗಿಸಬೇಕು, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು ಎಂದರು. ಒಪ್ಪಿಗೆ ಬರುತ್ತಲೇ ಇತ್ತು.

ಆಗ ಅವ್ವನಿಗೆ ತಿಳಿಯಿತು. ಯಾರೂ ತಿಳಿಸಿ ಹೇಳಲಿಲ್ಲ. ಬಿದ್ದ ಗೋಡೆಯ ಮುಂದೆ ಬಹಳ ಹೊತ್ತು ನಿಂತವಳು ಮನೆಗೆ ಬಂದು ಮೊರವನ್ನು ಮೂಲೆಗೆ ಎಸೆದಳು. ಮರುದಿನದಿಂದ ಹಿತ್ತಲ ಬಾಗಿಲು ತೆರೆಯಲಿಲ್ಲ. ಆನೆ ಬಂದು ನಿಲ್ಲುವ ಹೊತ್ತಿಗೆ ಒಳಗಿನ ಕಿಟಕಿಯ ಬದಿಗೆ, ಅದಕ್ಕೆ ಕಾಣದ ಹಾಗೆ ಗೋಡೆಗೆ ಅಂಟಿ ಕೂರುತ್ತಿದ್ದಳು. ಅದು ಗುರುಗುಟ್ಟುವ ಸದ್ದು ನಮಗೆ ಕೇಳುತ್ತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

"ನಾ ಹೊರಗ ಬರಲಿಲ್ಲಂದ್ರ ತಿಳೀತೇತಿ ಅದಕ್ಕ. ಇವತ್ತಿಲ್ಲ ನಾಳಿ ತಿಳೀತೇತಿ. ಹೋಗತೇತಿ" ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಈಗ ಇಷ್ಟೇ: ಅದು ತನ್ನನ್ನು ಮರೆತು, ಅಂಜಿ, ಅಡವಿ ಸೇರಬೇಕು.

ಅವಳೊಬ್ಬಳು ಬಾಗಿಲು ಹಾಕಿಕೊಂಡರೇನು, ಮಿಕ್ಕವರ ಕೈ ನಿಂತಿರಲಿಲ್ಲವಲ್ಲ. ರವಿವಾರದ ಜನ ಬರುತ್ತಲೇ ಇದ್ದರು. ಗೋಡೆ ಬಿದ್ದ ಸುದ್ದಿಯಿಂದ ಅವರ ಭಕ್ತಿ ಇನ್ನಷ್ಟು ಏರಿತ್ತು. ಅವ್ವ ರಸ್ತೆಗೆ ಹೋಗಿ ಒಬ್ಬೊಬ್ಬರಿಗೂ ಕೈಮುಗಿದಳು. "ಕೊಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ, ಅದು ಹೋಗಲಿ ಬಿಡ್ರಿ." ಬೈಲಹೊಂಗಲದ ಕಡೆಯ ಒಬ್ಬ ಹೆಂಗಸು, ಒಳ್ಳೆಯ ಮನೆತನದವಳು, ಮಾತೂ ಮೆತ್ತಗೆ, ಹಣ್ಣಿನ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ ಹೇಳಿದಳು: "ನೀವ ಚಾಲೂ ಮಾಡಿದ್ದಲ್ಲೇನ್ರಿ ಆಯಿ? ಪುಣ್ಯಾ ನಿಮಗೊಬ್ಬರಿಗೇ ಸಾಕೇನು? ನಮಗೂ ಒಂದೀಟು ಬರಲಿ ಬಿಡ್ರಿ." ಅವ್ವ ಕೈಮುಗಿದುಕೊಂಡೇ ಮುಂದಿನ ಗಾಡಿಯ ಕಡೆಗೆ ನಡೆದಳು.

ಭಾವನವರು ತಂತಿ ಕಟ್ಟಿದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಬ್ಬಿನ ಸುತ್ತ, ನಮ್ಮ ಹಿತ್ತಲಿಗೆ ಬರುವ ಬದುವಿಗೆ ಅಡ್ಡವಾಗಿ, ಮೊಣಕಾಲೆತ್ತರಕ್ಕೆ ಬರಿ ತಂತಿ ಎಳೆದು ಬಾವಿಯ ಮೋಟರಿನ ಲೈನಿಗೆ ಸೇರಿಸಿದ್ದರು. ಬರೇ ಒಂದು ಝಟಕಾ ಹೊಡೆದರೆ ಅಂಜಿ ಹೋಗುತ್ತದೆ ಎಂದು ಅಂದುಕೊಂಡೆ ಎಂದು ಆಮೇಲೆ ಪೊಲೀಸರ ಮುಂದೆ ಹೇಳಿದರು. ಅದು ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ಕಡೆ ಹೊಲದ ಮೋಟರಿಗೆ ಕರೆಂಟು ಪಾಳಿಯ ಮೇಲೆ ಬರುತ್ತದೆ. ಒಂದು ವಾರ ರಾತ್ರಿಯ ಪಾಳಿ, ಒಂದು ವಾರ ಹಗಲಿನದು. ಅವರು ರಾತ್ರಿಯ ಪಾಳಿ ಎಂದುಕೊಂಡು ಸ್ವಿಚ್ ಹಾಕಿ ಮಲಗಿದರು. ಆದರೆ ಪಾಳಿ ಬದಲಾಗಿತ್ತು. ಕತ್ತಲಿರುವ ತನಕ ತಂತಿ ಸುಮ್ಮನಿತ್ತು. ಬೆಳಕು ಹರಿದಾಗ ಕರೆಂಟು ಬಂತು. ಬೇರೆ ಕಾಡಾನೆಯಾಗಿದ್ದರೆ ಆ ಹೊತ್ತಿಗೆ ಮೇದು ಮುಗಿಸಿ ಅಡವಿ ಸೇರಿರುತ್ತಿತ್ತು. ಇದಕ್ಕೆ ಮುಂಜಾನೆ ಬರಬೇಕೆಂದು ರೂಢಿ ಮಾಡಿಸಿದ್ದು ನಮ್ಮ ಮನೆ.

ಅವ್ವ ನೀರೊಲೆ ಹಚ್ಚುತ್ತಿದ್ದಳು. ಒಂದೇ ಒಂದು ಕೂಗು ಕೇಳಿತು, ಆಮೇಲೆ ನೆಲ ಅದುರಿದ ಸದ್ದು. ನಾವು ಹಿತ್ತಲಿಗೆ ಓಡಿದೆವು. ಅದು ಬದುವಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು, ತಂತಿ ಎದೆಗೆ ಸುತ್ತಿಕೊಂಡಿತ್ತು. ಅವ್ವ ಅದರತ್ತ ನುಗ್ಗಿದಳು. ನನ್ನ ಗಂಡ ಅವಳನ್ನು ಎರಡೂ ಕೈಯಿಂದ ಹಿಡಿದು, "ಅತ್ತೀ, ಕರೆಂಟ್ ಐತ್ರಿ, ಮುಟ್ಟಬ್ಯಾಡ್ರಿ" ಎಂದು ಎಳೆದ. ಅವಳು ಅವನ ಕೈ ಕಚ್ಚಿದಳು. ಅವನು ಬಿಡಲಿಲ್ಲ. ಅದರ ಹೊಟ್ಟೆ ಏರಿಳಿಯುವುದು ನಿಲ್ಲುವ ತನಕ ನಾವು ಮೂವರೂ ಹಾಗೇ ನಿಂತು ನೋಡಬೇಕಾಯಿತು. ಯಾರೋ ಓಡಿ ಹೋಗಿ ಮೋಟರಿನ ಸ್ವಿಚ್ ತೆಗೆದು ಬಂದ ಮೇಲೆ ನನ್ನ ಗಂಡ ಕೈ ಸಡಿಲಿಸಿದ.

ಅವ್ವ ಅಳಲಿಲ್ಲ. ಒಳಗೆ ಹೋಗಿ ಒಂದು ಕೊಡ ನೀರು ತಂದು ಅದರ ಮುಂಗಾಲಿಗೆ ಸುರಿದಳು. ಅದು ಬದುಕಿದ್ದಾಗ ಅವಳಿಗೆ ಅದರ ಕಾಲು ನಿಲುಕಿರಲಿಲ್ಲ. ಆಮೇಲೆ ಹರಿದ ಕಿವಿಯ ಹತ್ತಿರ ಕುಳಿತು, ನೊಣ ಕೂರದ ಹಾಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಡಾಕ್ಟರರು ಬಂದು ಎಬ್ಬಿಸುವ ತನಕ ಎದ್ದಿರಲಿಲ್ಲ.

ಡಾಕ್ಟರರು ಅಲ್ಲೇ ಕೊಯ್ದರು. ಹೊಟ್ಟೆಯಿಂದ ಕಬ್ಬಿನ ಸಿಪ್ಪೆಯ ಜೊತೆ ಬಣ್ಣಬಣ್ಣದ ಚೀಲಗಳು ಬಂದವು. ದಂತ ಕೊರೆದು ಮೊಹರು ಮಾಡಿ ಒಯ್ದರು. ಜೆಸಿಬಿ ತಂದು ಗುಂಡಿ ತೋಡಿ, ಮೂಟೆಗಟ್ಟಲೆ ಉಪ್ಪು ಸುರಿದು ಮುಚ್ಚಿದರು. ಊರು ಗೊಳೋ ಎಂದು ಅತ್ತಿತು. ಭಾವನವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದಾಗ ಅದೇ ಊರು ಅವರಿಗೆ ಮಣ್ಣು ತೂರಿತು. ಗಾರ್ಡ್ ಒಬ್ಬನೇ ಬೇವಿನ ಮರದ ಬುಡದಲ್ಲಿ ಕುಳಿತಿದ್ದ. ಅವ್ವನನ್ನು ನೋಡಿ ಮುಖ ಆಚೆ ತಿರುಗಿಸಿದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆಯನ್ನು ಮಾಡಿದವರು ನಮ್ಮ ಊರನ್ನು ನೋಡಿಯೇ ಮಾಡಿರಬೇಕು. ಗುಂಡಿಯ ಮೇಲೆ ಮೊದಲು ಹೂವು ಬಂತು, ಆಮೇಲೆ ಒಂದು ಕಲ್ಲು, ಕಲ್ಲಿಗೆ ಕುಂಕುಮ, ಅದರ ಮೇಲೆ ತಗಡಿನ ಶೆಡ್ಡು. ಈಗ ಅದನ್ನು ಗದ್ದುಗೆ ಎನ್ನುತ್ತಾರೆ. ಭಾವನವರು ಜಾಮೀನಿನ ಮೇಲೆ ಬಂದು ಆ ಜಾಗವನ್ನು ಗದ್ದುಗೆಗೆ ಬಿಟ್ಟುಕೊಟ್ಟರು. ಕೇಸು ಇನ್ನೂ ನಡೆದಿದೆ. ತಾರೀಖು ಇಲ್ಲದ ದಿನ ಅವರೇ ಅಲ್ಲಿ ಕುಳಿತು ಬಂದವರ ಕಾಯಿ ಒಡೆದು ಕೊಡುತ್ತಾರೆ. ಮುಖ ಬಾಡಿರುತ್ತದೆ. ನಾಟಕವೆಂದು ಕೆಲವರು ಆಡಿಕೊಳ್ಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಇದಕ್ಕಿಂತ ಬೇರೆ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿಲ್ಲ, ನಮಗೂ ಕಲಿಸಿಲ್ಲ.

ಶೆಡ್ಡು ಎದ್ದ ದಿನ ಮೊದಲ ಪೂಜೆ ಅವ್ವನ ಕೈಯಿಂದಲೇ ಆಗಬೇಕೆಂದು ಊರ ಹಿರಿಯರು ಮನೆಗೆ ಬಂದರು. ಅವಳು ಹೊಸ್ತಿಲ ಒಳಗೇ ನಿಂತು, "ಕೊಂದಾಕಿ ಪೂಜಾ ಮಾಡಬಾರದ್ರಿ" ಎಂದಳು. ಅವರು ಹೋದ ಮೇಲೆ ನಾನು, "ನೀ ಎಲ್ಲಿ ಕೊಂದಿ ಬೇ? ತಂತಿ ಕಟ್ಟಿದವ್ರು ಯಾರು ಅಂತ ಊರಿಗೇ ಗೊತ್ತೇತಿ" ಎಂದೆ.

"ತಂತಿ ಅವಂದು. ದಾರಿ ನಂದು" ಎಂದಳು. ಅಷ್ಟು ಹೇಳಿ ಎಮ್ಮೆಗೆ ನೀರು ಕುಡಿಸಲು ಹೋದಳು. ನಾನು ಅವಳನ್ನು ಎಷ್ಟು ಸಮಾಧಾನ ಮಾಡಿದರೂ ಆ ಮಾತಿನ ಮುಂದೆ ಏನೂ ನಿಲ್ಲುತ್ತಿರಲಿಲ್ಲ. ಯಾಕೆಂದರೆ ಅದು ನಿಜವಾಗಿತ್ತು. ಉಣ್ಣುವುದು ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು.

ಹೋದ ಸುಗ್ಗಿಗೆ ಮುಂಚೆ, ಭತ್ತ ಹಾಲುಗಾಳಾದಾಗ, ಹಿಂಡು ಮತ್ತೆ ಬಂತು. ಹೆಣ್ಣಾನೆಗಳ ಕಾಲಸಂದಿಯಲ್ಲಿ ಒಂದು ಮರಿಯಿತ್ತು. ಅವತ್ತು ಅಮಾವಾಸ್ಯೆ, ಗದ್ದುಗೆಗೆ ಜನ ಬಹಳ. ಬೆಳಕು ಹರಿದ ಸ್ವಲ್ಪ ಹೊತ್ತಿಗೆ ಗದ್ದೆಯ ಆಚೆಯ ಅಂಚಿನಲ್ಲಿ ಆನೆಗಳು ಕಂಡದ್ದೇ ತಡ, "ಬಳಗ ಬಂತು, ಬಳಗ ಬಂತು, ಗದ್ದಗಿ ನೋಡಾಕ ಬಂದಾವು" ಎಂದು ಜನ ಬದುವಿನ ಮೇಲೆ ಸಾಲುಗಟ್ಟಿತು. ಕೆಲವರು ಅಳುತ್ತಿದ್ದರು. ಕಾಯಿ, ಹಣ್ಣು, ಬೆಲ್ಲ ಎಲ್ಲರ ಕೈಯಲ್ಲೂ ಇದ್ದವು, ಮೊಬೈಲುಗಳೂ ಇದ್ದವು.

ಅವ್ವ ಯಾವಾಗ ಹಿತ್ತಲ ಬಾಗಿಲು ತೆರೆದಳೋ ನನಗೆ ಗೊತ್ತಾಗಲಿಲ್ಲ. ನಾನು ನೋಡಿದಾಗ ಗದ್ದೆಯ ಕೆಸರಿನಲ್ಲಿ ಇಳಿದಿದ್ದಳು. ಬದುವಿನ ಹೆಂಟೆಗಳನ್ನು ಕಿತ್ತು ಕಿತ್ತು ಆನೆಗಳತ್ತ ಎಸೆಯುತ್ತಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು. ಹುಟ್ಟಿದಾಗಿನಿಂದ ನಾನು ಅವಳ ಬಾಯಲ್ಲಿ ಕೇಳದ ಬೈಗುಳಗಳನ್ನು ಬೈಯುತ್ತಿದ್ದಳು.

"ಹೋಗ್ರಿ! ನಿಮ್ಮ ಹೆಣಾ ಎತ್ತಲಿ, ಹೋಗ್ರಿ ಅಂದ್ರ! ನಮ್ಮನ್ನ ನಂಬಬ್ಯಾಡ್ರಿ! ಕೊಂದ್ ಬಿಡತೇವಿ ನಾವು! ಹೋಗ್ರಿ!"

ಜನ ದಂಗಾಗಿ ನಿಂತರು. ಆಮೇಲೆ ಇಬ್ಬರು ಗಂಡಸರು ಕೆಸರಿಗೆ ಇಳಿದು ಅವಳ ರಟ್ಟೆ ಹಿಡಿದರು. "ಆಯೀ, ದೇವರಿಗೆ ಕಲ್ಲು ಒಗೀತೀರೇನ್ರಿ? ನಿಮಗ ಬುದ್ಧಿಗಿದ್ಧಿ ಐತೋ ಇಲ್ಲೋ?" ಎಂದು ಒಬ್ಬ ಗದರಿಸಿದ. ಅವಳ ಮುಷ್ಟಿ ಬಿಡಿಸಿ ಹೆಂಟೆಯನ್ನು ಕಿತ್ತುಕೊಂಡರು. ನಾನು ಓಡಿ ಹೋಗಿ ಅವಳನ್ನು ತಬ್ಬಿಕೊಂಡೆ. ಬದುವಿನ ಮೇಲಿದ್ದ ಒಬ್ಬ ಹೆಂಗಸು ನನಗೆ ಹೇಳಿದಳು. ಬೈಯುವ ಧಾಟಿಯಲ್ಲಲ್ಲ, ನಿಜವಾದ ಕರುಣೆಯಿಂದಲೇ ಹೇಳಿದಳು: "ನಿಮ್ಮವ್ವನ್ನ ಒಳಗ ಕರಕೊಂಡ್ ಹೋಗ್ರಿ ಯಕ್ಕಾ. ಮರಿ ಐತಿ, ಅಂಜತೇತಿ."

"ಅಂಜಲಿ!" ಎಂದು ಅವ್ವ ನನ್ನ ತೋಳಿನಲ್ಲೇ ಒದ್ದಾಡಿದಳು. "ಅಂಜಲಿ ಅಂತನ ಒಗಿಯಾಕತ್ತೇನಿ! ಅಂಜಲಿ ಅದು!"

ದೊಡ್ಡ ಆನೆಗಳು ಕಿವಿ ಬಿಚ್ಚಿ ಹಿಂದೆ ಸರಿದವು. ಇನ್ನೇನು ತಿರುಗಿ ಹೋಗುತ್ತವೆ ಎಂದುಕೊಂಡೆ. ಅಷ್ಟರಲ್ಲಿ ಸಾಲಿನಿಂದ ಯಾರೋ ಒಬ್ಬರು ಬೆಲ್ಲದ ಪೆಂಟೆಯೊಂದನ್ನು ಗದ್ದೆಗೆ ಎಸೆದರು. ಅದು ಆನೆಗಳಿಗೂ ನಮಗೂ ನಡುವೆ ಕೆಸರಿನಲ್ಲಿ ಬಿತ್ತು. ಅವ್ವನ ಉಗುರು ನನ್ನ ತೋಳಿಗೆ ನಾಟಿತ್ತು. ಅವಳು ಕಣ್ಣು ಮಿಟುಕಿಸದೆ ಮರಿಯನ್ನೇ ನೋಡುತ್ತಿದ್ದಳು. ಮರಿ ತಾಯಿಯ ಕಾಲಿನಿಂದ ಹೊರಗೆ ಬಂತು, ನಿಂತಿತು, ಸೊಂಡಿಲು ಎತ್ತಿ ನಮ್ಮ ಕಡೆಗೆ ಗಾಳಿ ಮೂಸಿತು.

ಮರಿ ಅಂಜಲಿಲ್ಲ.